ಏಳು ತಾರಿಗಳ ದಾರಿ

ಮುಂಬಯಿಯಲ್ಲಿರುವ ನಮ್ಮವರನ್ನು ಊರು ಯಾವುದೆಂದು ಕೇಳಿದರೆ ಉತ್ತರ ತಟ್ಟನೆ ಬರುತ್ತದೆ. ಊರಿಗೂ ಮುಂಬಯಿಗೂ ನಡುವೆ ಏನಿದೆಯೆಂದು ಕೇಳಿದರೆ ಮಾತ್ರ ಕೊಂಚ ತಡವರಿಸಬೇಕಾಗುತ್ತದೆ. 'ಒಂದು ರಾತ್ರಿ ಇದೆ' ಎಂದು ಹೇಳುವವರೇ ಹೆಚ್ಚು. ಅದು ಸುಳ್ಳೂ ಅಲ್ಲ. ೧೯೯೮ರ ಜನವರಿ ೨೬ರಂದು ಕೊಂಕಣ ರೈಲುಮಾರ್ಗ ಪೂರ್ತಿಯಾದ ಮೇಲೆ, ಮಧ್ಯಾಹ್ನ ಕುರ್ಲಾದಲ್ಲಿ ಮತ್ಸ್ಯಗಂಧಾ ಹತ್ತಿದರಾಯಿತು. ಚಿಪಳೂಣದ ಹೊತ್ತಿಗೆ ಕತ್ತಲಾಗುತ್ತದೆ, ಬುತ್ತಿ ಬಿಚ್ಚುತ್ತೇವೆ, ಮಲಗುತ್ತೇವೆ, ಬೆಳಗಿನ ಜಾವಕ್ಕೆ ಊರು ಬಂದಿರುತ್ತದೆ. ಹೆಸರು ಕೊಂಕಣ ರೈಲು ಎಂದಿದ್ದರೂ ಅದರ ಕಿಟಕಿಯಿಂದ ಸಮುದ್ರ ಕಾಣುವುದು ಬಲು ಅಪರೂಪ. ತೊಂಬತ್ತಕ್ಕೂ ಹೆಚ್ಚು ಸುರಂಗಗಳನ್ನು ನುಸುಳಿ ಬರುವ ಆ ಗಾಡಿಗೆ ಕಡಲ ಕಡೆ ತಿರುಗಿ ನೋಡಲು ಪುರಸೊತ್ತಾದರೂ ಎಲ್ಲಿಂದ ಬರಬೇಕು!

ನಮ್ಮ ಹಿರಿಯರು ಹೀಗೆ ಬಂದವರಲ್ಲ. ೧೮೬೨ರಿಂದ ೧೯೫೬ರವರೆಗೆ ಉತ್ತರ ಕನ್ನಡ ಜಿಲ್ಲೆ ಮುಂಬಯಿ ಆಡಳಿತಕ್ಕೆ ಸೇರಿತ್ತು. ಕಾರವಾರ, ಕುಮಟೆಯವರಿಗೆ ಮುಂಬಯಿ ಪರಸ್ಥಳವಲ್ಲ, ತಮ್ಮ ರಾಜಧಾನಿಯೇ. ಅಲ್ಲಿಗೆ ಬರುವ ದಾರಿಯೆಂದರೆ ಆಗಬೋಟು. ಮಳೆಗಾಲದಲ್ಲಿ ಅದು ಬಂದ್. ಸಣ್ಣ ಬಂದರುಗಳಲ್ಲಿ ಹಡಗು ದೂರದಲ್ಲೇ ನಿಲ್ಲುತ್ತಿತ್ತು. ಪಡಾವುಗಳಲ್ಲಿ ಕುಳಿತು ಹೋಗಿ, ಅಲೆಯ ಮೇಲೆ ತೂಗಾಡುತ್ತ, ಏಣಿ ಹಿಡಿದು ಮೇಲೆ ಹತ್ತಬೇಕಿತ್ತು. ಡೆಕ್ಕಿನ ಮೇಲೆ ಚಾಪೆ ಹಾಸಿದವರಿಗೆ ದಂಡೆಯ ಒಂದೊಂದು ಬಂದರೂ ಹೆಸರು ಹಿಡಿದು ಗೊತ್ತಿರುತ್ತಿತ್ತು. ಗೋವೆಯವರೆಗಿನ ಹಡಗುಗಳಂತೂ ಎಂಬತ್ತರ ದಶಕದವರೆಗೂ ಓಡುತ್ತಿದ್ದವು. ಅವು ನಿಂತ ಮೇಲೆ ನಡುವಿನ ಊರುಗಳ ಹೆಸರುಗಳೂ ನಮ್ಮ ಮಾತಿನಿಂದ ಒಂದೊಂದಾಗಿ ಜಾರಿ ಹೋದವು.

ಆ ದಾರಿಯನ್ನೊಮ್ಮೆ ದಂಡೆಯ ಮೇಲಿನಿಂದಲಾದರೂ ನೋಡಬೇಕೆಂದು ೨೦೨೫ರ ಜನವರಿಯಲ್ಲಿ, ಸಂಕ್ರಾಂತಿಯ ಎಳ್ಳುಬೆಲ್ಲ ಮುಗಿದ ಮೇಲೆ, ನಾವು ಮೂರು ದಂಪತಿಗಳು ಒಂದು ಕಾರಿನಲ್ಲಿ ಹೊರಟೆವು. ಸಂಗಡಿಗರ ಹೆಸರು ಬರೆಯಕೂಡದೆಂದು ಆಜ್ಞೆಯಾಗಿದೆ. ಆದ್ದರಿಂದ ಸಂಘದಲ್ಲಿ ಕರೆಯುವಂತೆ ಊರಿನಿಂದಲೇ ಕರೆಯುತ್ತೇವೆ. ಕುಮಟೆಯವರು ಬ್ಯಾಂಕಿನಿಂದ ನಿವೃತ್ತರು. ಬಿಜಾಪುರದವರು ಪಾಲಿಕೆಯ ಕನ್ನಡ ಶಾಲೆಯಲ್ಲಿ ಮಾಸ್ತರರಾಗಿದ್ದವರು. ನಾವಿಬ್ಬರು ಕುಂದಾಪುರದ ಕಡೆಯವರು, ಹೋಟೆಲಿನ ಗಲ್ಲೆಯ ಹಿಂದೆ ಆಯುಷ್ಯ ಕಳೆದವರು. ಆರು ಜನರಲ್ಲಿ ನಾಲ್ವರು ಸಸ್ಯಾಹಾರಿಗಳು, ಮೀನು ತಿನ್ನುವವರು ನಾವಿಬ್ಬರೇ. ಊಟದ ಮನೆ ಆರಿಸುವಾಗ ಬಹುಮತವೇ ಗೆಲ್ಲಬೇಕೆಂದು ಮೊದಲೇ ಕರಾರಾಗಿತ್ತು. ಕೊಂಕಣದ ಖಾನಾವಳಿಗಳು ದೊಡ್ಡ ಮನಸ್ಸಿನವು. ಒಂದೇ ಸೂರಿನಡಿ ಎರಡೂ ಬಗೆ ಮಾಡಿ ನಮ್ಮ ಕರಾರನ್ನು ಉಳಿಸಿಕೊಟ್ಟವು.

ಕುಮಟೆಯವರಿಗೆ ಊರಲ್ಲಿ ಏನೋ ಕೆಲಸವಿತ್ತು. ಅದರ ವಿವರವನ್ನು ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ. ಅವರ ತಾಯಿ, ನಾವೆಲ್ಲ 'ಆಯಿ' ಎಂದು ಕರೆಯುವವರು, ತೊಂಬತ್ತು ದಾಟಿದವರು. ಐವತ್ತರ ದಶಕದ ಮೊದಲಲ್ಲಿ ಮದುವೆಯಾದ ಹೊಸತರಲ್ಲಿ ಕಾರವಾರದಿಂದ ಆಗಬೋಟಿನಲ್ಲೇ ಮುಂಬಯಿಗೆ ಬಂದವರು. ಈಗ ಅವರಿಗೆ ಬೆಳಗಿನ ತಿಂಡಿ ಏನಿತ್ತೆಂಬುದು ಮಧ್ಯಾಹ್ನಕ್ಕೆ ನೆನಪಿರುವುದಿಲ್ಲ. ಆದರೆ ಡೆಕ್ಕಿನ ಮೇಲೆ ಕುಳಿತು ಯಜಮಾನರ ಬಾಯಿಂದ ಕಲಿತ ಬಂದರುಗಳ ಪಟ್ಟಿ ಮಗ್ಗಿಯಂತೆ ಬರುತ್ತದೆ: ಕಾರವಾರ, ವೆಂಗುರ್ಲೆ, ಮಾಲವಣ, ದೇವಗಡ, ವಿಜಯದುರ್ಗ, ಜೈತಾಪುರ, ಮುಸಾಕಾಜಿ, ರತ್ನಾಗಿರಿ, ಜೈಗಡ, ದಾಭೋಳ, ಹರ್ಣೆ, ಮುಂಬಯಿ. ನಮ್ಮ ಪ್ರವಾಸದ ಸುದ್ದಿ ತಿಳಿದು ಅವರು ಬೇಡಿದ್ದು ಒಂದನ್ನೇ. ದಿನವೂ ರಾತ್ರಿ ಫೋನು ಮಾಡಿ ಯಾವ ಬಂದರಿಗೆ ಬಂದಿರೆಂದು ಹೇಳಬೇಕು. ಅವರು ಬಂದ ದಾರಿಯಲ್ಲಿ ನಾವು ತಿರುಗಿ ಹೋಗುವವರು. ಹೀಗಾಗಿ ಮಗ್ಗಿಯನ್ನು ಹಿಂದುಮುಂದಾಗಿ ಒಪ್ಪಿಸುವ ಕೆಲಸ ಆ ಇಳಿವಯಸ್ಸಿನಲ್ಲಿ ಅವರ ಪಾಲಿಗೆ ಬಂದಿತು.

ಮುಂಬಯಿಯ ಭಾವುಚಾ ಧಕ್ಕೆಯಿಂದಲೇ ನಮ್ಮ ಮೊದಲ ತಾರಿ. ನಮ್ಮ ಕರಾವಳಿಯಲ್ಲಿ ಹೊಳೆ ದಾಟಿಸುವ ದೋಣಿಗೆ ತಾರಿ ಎನ್ನುತ್ತಾರೆ, ಮರಾಠಿಯವರು ತರ ಎನ್ನುತ್ತಾರೆ. ಆದರೆ ಧಕ್ಕೆಯಲ್ಲಿ ನಿಂತಿದ್ದುದು ದೋಣಿಯಲ್ಲ, ಹಡಗು. ೨೦೨೦ರ ಮಾರ್ಚಿನಲ್ಲಿ ಆರಂಭವಾದ ಈ ಸೇವೆಯಲ್ಲಿ ಕಾರುಗಳು ನೇರ ಹಡಗಿನ ಹೊಟ್ಟೆಗೇ ಓಡಿ ಹೋಗುತ್ತವೆ. ಒಂದು ತಾಸಿನಲ್ಲಿ ಆಚೆಯ ಮಾಂಡವೆ. ಹುಟ್ಟಿದಂದಿನಿಂದ ಬಾವಿಗಿಂತ ದೊಡ್ಡ ನೀರನ್ನು ನಂಬದ ಬಿಜಾಪುರದ ಅಕ್ಕ ಕಾರಿನ ಗಾಜು ಏರಿಸಿಕೊಂಡು, ಕಣ್ಣು ಮುಚ್ಚಿ ಸಿದ್ಧೇಶ್ವರನನ್ನು ನೆನೆಯುತ್ತ ಒಳಗೇ ಕುಳಿತರು. 'ಕಾರ್ ಸಮೇತ ಮುಳುಗಿಸ್ತಾರೇನ್ರಿ ನಮ್ಮನ್ನ' ಎಂದು ಒಮ್ಮೆ ಕೇಳಿದ್ದು ಬಿಟ್ಟರೆ ಮಾತಿಲ್ಲ.

ಅವರ ಅಂಜಿಕೆಯನ್ನು ನಗೆಯಾಡುವಂತಿರಲಿಲ್ಲ. ಇದೇ ನೀರಿನಲ್ಲಿ, ೧೯೪೭ರ ಜುಲೈ ೧೭ರಂದು, ಮುಂಬಯಿಯಿಂದ ರೇವಸಿಗೆ ಹೊರಟಿದ್ದ ರಾಮದಾಸ ಎಂಬ ಆಗಬೋಟು ಮಳೆಗಾಳಿಗೆ ಸಿಕ್ಕಿ ಮುಳುಗಿ ಆರುನೂರಕ್ಕೂ ಹೆಚ್ಚು ಜನ ತೀರಿಕೊಂಡರು. ಅಮಾವಾಸ್ಯೆಗೆ ಮನೆ ಸೇರಬೇಕೆಂದು ಹೊರಟಿದ್ದ ಕೊಂಕಣದ ಮಂದಿಯೇ ಅದರಲ್ಲಿ ಬಹಳ. ಸ್ವಾತಂತ್ರ್ಯಕ್ಕೆ ತಿಂಗಳೂ ಉಳಿದಿರಲಿಲ್ಲ. ಊರಿಗೆ ಹೋಗುವುದು ಆಗ ಎಷ್ಟು ದೊಡ್ಡ ಮಾತಾಗಿತ್ತೆಂಬುದು ರೇಲಿಂಗು ಹಿಡಿದು ನಿಂತಾಗ ಹೊಳೆಯಿತು.

ಅಲೀಬಾಗ ದಾಟಿ ರೇವದಂಡೆಗೆ ಬಂದಾಗ ಮಾಸ್ತರರು ಕಾರು ನಿಲ್ಲಿಸಲು ಹೇಳಿದರು. ಹಿಂದಿನ ಚೌಲ್ ಬಂದರು ಇದೇ. ಹದಿನೈದನೆಯ ಶತಮಾನದಲ್ಲಿ ಅಫನಾಸಿ ನಿಕಿತಿನ್ ಎಂಬ ರಷ್ಯದ ವ್ಯಾಪಾರಿ ಮಾರಾಟಕ್ಕೆಂದು ಒಂದು ಕುದುರೆ ಕಟ್ಟಿಕೊಂಡು ಇಲ್ಲಿ ಇಳಿದ. ಜುನ್ನರಿನಲ್ಲಿ ಆ ಕುದುರೆಯನ್ನು ಕಸಿದುಕೊಂಡರು, ಬಳಿಕ ಮರಳಿ ಕೊಟ್ಟರು. ಅಲ್ಲಿಂದ ಅವನು ಹೋದದ್ದು ನಮ್ಮ ಬೀದರಿಗೆ, ಬಹಮನಿಗಳ ರಾಜಧಾನಿಗೆ. 'ನೋಡ್ರಿ, ಬೀದರಕ್ಕ ಬರೋ ಬಾಗಲಾ ಇದು' ಎಂದು ಮಾಸ್ತರರು ತಮ್ಮ ಅಂಗಳವನ್ನೇ ತೋರಿಸುವವರಂತೆ ಸಮುದ್ರದ ಕಡೆ ಕೈ ಮಾಡಿದರು.

ಆ ರಾತ್ರಿ ಮುರೂಡಿನಲ್ಲಿ ವಸತಿ. ಆಯಿಗೆ ಫೋನು ಹೋಯಿತು. ಮುರೂಡೆಂದರೆ ಅವರು ಒಪ್ಪಲಿಲ್ಲ. 'ನಮ್ಮ ಆಗಬೋಟು ಅಲ್ಲಿ ನಿಂತಿದ್ದಿಲ್ಲೆ' ಎಂದು ಆ ಊರನ್ನು ಪಟ್ಟಿಗೆ ಸೇರಿಸಿಕೊಳ್ಳದೆ ಬಿಟ್ಟರು.

ಆಗಬೋಟು ನಿಲ್ಲದಿದ್ದರೂ ಮುರೂಡಿನೆದುರು ಜಂಜಿರಾ ನಿಂತಿದೆ. ನೀರಿನ ನಡುವೆ ಎದ್ದ ಈ ಕೋಟೆ ಸಿದ್ದಿಗಳದು. ಶಿವಾಜಿ ಮಹಾರಾಜರಿಗೂ ಇದು ವಶವಾಗಲಿಲ್ಲ. ಇದನ್ನು ಅಂಕೆಯಲ್ಲಿಡಲೆಂದು ಅವರು ಸಮೀಪದಲ್ಲೇ ಪದ್ಮದುರ್ಗವನ್ನು ಕಟ್ಟಿಸಿದರು. ಯಲ್ಲಾಪುರ, ಹಳಿಯಾಳ, ಅಂಕೋಲೆಗಳ ಕಾಡಿನಂಚಿನಲ್ಲಿ ಬದುಕುವ ನಮ್ಮ ಸಿದ್ದಿ ಜನರ ಪೂರ್ವಜರೂ ಆಫ್ರಿಕದಿಂದ ಇದೇ ಕಡಲು ದಾಟಿ ಬಂದವರು. ಒಂದೇ ನೀರು ಕೆಲವರನ್ನು ಕೋಟೆಗೆ ಮುಟ್ಟಿಸಿತು, ಕೆಲವರನ್ನು ಕಾಡಿಗೆ.

ಎರಡನೆಯ ತಾರಿ ಆಗರದಾಂಡೆಯಿಂದ ದಿಘಿಗೆ. ಇಲ್ಲಿಂದ ಮುಂದೆ ದಾರಿಯ ರೀತಿಯೇ ಬೇರೆ. ಕೊಂಕಣದ ದಂಡೆಯುದ್ದಕ್ಕೂ ಸಹ್ಯಾದ್ರಿಯಿಂದಿಳಿದ ನದಿಗಳು ಅಗಲವಾದ ಅಳಿವೆಗಳಾಗಿ ಸಮುದ್ರ ಸೇರುತ್ತವೆ. ಅವಕ್ಕೆ ಅಲ್ಲಿಯವರು ಖಾಡಿ ಎನ್ನುತ್ತಾರೆ. ಹೆದ್ದಾರಿ ಇವುಗಳ ಸಹವಾಸವೇ ಬೇಡವೆಂದು ಹತ್ತಾರು ಮೈಲು ಒಳಗಿನಿಂದ ಹಾದುಹೋಗಿದೆ. ದಂಡೆಯ ರಸ್ತೆ ಮಾತ್ರ ಪ್ರತಿ ಖಾಡಿಗೂ ಬಂದು ನೀರಿನಲ್ಲಿ ಮುಗಿಯುತ್ತದೆ. 'ಯವ್ವಾ, ರಸ್ತೇನ ಮುಗೀತಲ್ರಿ!' ಎಂದು ಬಿಜಾಪುರದ ಅಕ್ಕ ಪ್ರತಿ ಸಲವೂ ಹೊಸದಾಗಿ ಗಾಬರಿಯಾಗುತ್ತಿದ್ದರು. ಮುಗಿದ ಕಡೆ ಒಂದು ಚಹಾದಂಗಡಿ, ನಾಲ್ಕು ಮೋಟರ್ ಸೈಕಲ್ಲು, ಮೀನಿನ ಬುಟ್ಟಿಯೊಡನೆ ಇಬ್ಬರು ಹೆಂಗಸರು, ಶಾಲೆಯ ಮಕ್ಕಳು. ಎಲ್ಲರೂ ಕಾಯುತ್ತಿರುತ್ತಾರೆ. ಆಚೆ ದಡದಿಂದ ಚಪ್ಪಟೆ ತಳದ ದೊಡ್ಡ ಬಾರ್ಜು ಬಂದು ಕಬ್ಬಿಣದ ಹಲಗೆಯನ್ನು ದಡಕ್ಕೆ ಇಳಿಸುತ್ತದೆ. ಮರಾಠಿಯವರು ಇದಕ್ಕೆ ಜಂಗಲ್ ಎನ್ನುವುದನ್ನು ಕೇಳಿ ನಮಗೆ ಕಿವಿ ನಿಮಿರಿತು. ಎರಡು ದೋಣಿ ಜೋಡಿಸಿ ಮೇಲೆ ಹಲಗೆ ಹಾಸಿದ್ದನ್ನು ನಮ್ಮ ಅಜ್ಜಂದಿರು ಜಂಗಾಲ ಎನ್ನುತ್ತಿದ್ದರು. ಹೊಳೆಗಳಿಗೆ ಸೇತುವೆಯಾದ ಮೇಲೆ ನಮ್ಮ ಕಡೆ ಮಾಯವಾದ ಮಾತು ಇಲ್ಲಿ ಇನ್ನೂ ಟಿಕೇಟು ಹರಿಯುತ್ತ ಬದುಕಿತ್ತು!

ಶ್ರೀವರ್ಧನ, ಹರಿಹರೇಶ್ವರ ನೋಡಿಕೊಂಡು ಬಾಗಮಾಂಡಲೆಯಲ್ಲಿ ಮೂರನೆಯ ತಾರಿ ಹಿಡಿದು ಸಾವಿತ್ರಿ ನದಿಯ ಅಳಿವೆಯನ್ನು ದಾಟಿದೆವು. ಹರ್ಣೆ ತಲುಪುವಾಗ ಇಳಿಹೊತ್ತು. ಸುವರ್ಣದುರ್ಗದ ಎದುರಿನ ಮರಳಿನಲ್ಲಿ ಮೀನಿನ ಲಿಲಾವು ನಡೆದಿತ್ತು. ದೋಣಿಗಳಿಂದ ಬುಟ್ಟಿಗಳು ಇಳಿಯುತ್ತಿದ್ದವು, ಎತ್ತಿನ ಗಾಡಿಗಳೂ ನೀರಿಗಿಳಿದಿದ್ದವು. ನಮ್ಮಿಬ್ಬರಿಗೆ ತೌರು ಕಂಡಷ್ಟು ಹಿಗ್ಗು. ಅವರ ಬಾಂಗಡಾ ನಮ್ಮ ಬಂಗುಡೆ. ಅವರ ಸುರಮಯಿ ನಮ್ಮ ಅಂಜಲ. ಅವರ ತಿಸರ್‍ಯಾ ಕುಮಟೆಯಲ್ಲಿ ಬೆಳಚು, ಮಂಗಳೂರಿನಲ್ಲಿ ಮರುವಾಯಿ. ಸಸ್ಯಾಹಾರಿಗಳು ಮೂಗು ಮುಚ್ಚಿಕೊಂಡರೂ ಹೆಸರುಗಳನ್ನು ಮಾತ್ರ ಆಸಕ್ತಿಯಿಂದ ಬರೆದುಕೊಂಡರು. ಅಡಿಗೆಯಲ್ಲೂ ಇದೇ ಆಟ. ಅವರ ಘಾವಣೆ ನಮ್ಮ ನೀರುದೋಸೆಗೆ ತೀರ ಹತ್ತಿರದ ನೆಂಟ. ಅವರು ಸೋಲ್‌ಕಢಿ ಮಾಡುವ ಹಣ್ಣು ಉತ್ತರ ಕನ್ನಡದಲ್ಲಿ ಮುರುಗಲು, ದಕ್ಷಿಣದಲ್ಲಿ ಪುನರ್ಪುಳಿ. ಆ ರಾತ್ರಿ ಹರ್ಣೆಯೆಂದು ಫೋನಿನಲ್ಲಿ ಹೇಳಿದಾಗ ಆಯಿಗೆ ಸಮಾಧಾನವಾಯಿತು. 'ಹಾಂ, ಮುಂದಿಂದು ದಾಭೋಳ' ಎಂದರು.

ದಾಭೋಳದಲ್ಲಿ ಮಾಸ್ತರರನ್ನು ಹಿಡಿಯುವಂತಿರಲಿಲ್ಲ. ವಾಸಿಷ್ಠಿ ನದಿಯ ಅಳಿವೆಯ ಈ ಊರು ಈಗ ಚಿಕ್ಕದು. ಬಹಮನಿಗಳ ಕಾಲದಲ್ಲೂ ಅನಂತರ ಆದಿಲಶಾಹಿಯ ಕಾಲದಲ್ಲೂ ಇದು ದಖನ್ನಿನ ಹೆಬ್ಬಾಗಿಲಾಗಿತ್ತು. ಅರಬ್ಬೀ ಕುದುರೆಗಳು ಇಲ್ಲಿ ಇಳಿದು ಘಟ್ಟ ಹತ್ತುತ್ತಿದ್ದವು, ಮೆಕ್ಕೆಯ ಯಾತ್ರಿಕರು ಇಲ್ಲಿಂದ ಹಡಗು ಹತ್ತುತ್ತಿದ್ದರು. ಬೀದರಿನಿಂದ ಮರಳುವಾಗ ನಿಕಿತಿನ್ ಕಡಲಿಗಿಳಿದದ್ದೂ ಇಲ್ಲಿಯೇ. ದಡದ ಬಳಿಯ ಹಳೆಯ ಮಸೀದಿಯ ಗುಮ್ಮಟ, ಮಿನಾರುಗಳನ್ನು ಕಂಡ ಬಿಜಾಪುರದ ಅಕ್ಕ ನಿಂತುಬಿಟ್ಟರು. 'ಇದು ನಮ್ಮೂರಾಗಿಂದ ಇದ್ದಂಗ ಐತಲ್ರಿ!' ಬಿಜಾಪುರದ ರಾಜಕುಮಾರಿಯೊಬ್ಬಳು ಕಟ್ಟಿಸಿದಳೆಂಬ ಪ್ರತೀತಿಯನ್ನು ಮಾಸ್ತರರು ವಿವರಿಸಿದರು. ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದು, 'ಅಂದ್ರ ಇದು ನಮ್ಮ ಬಂದರ ಅನ್ರಿ' ಎಂದರು. ೨೦೦೩ರಿಂದ ಇಲ್ಲಿ ದಾಭೋಳ-ಧೋಪಾವೆ ನಡುವೆ ಕಾರು ಸಾಗಿಸುವ ತಾರಿ ನಡೆದಿದೆ. ನಮ್ಮ ನಾಲ್ಕನೆಯದಾದ ಆ ತಾರಿಯಲ್ಲಿ ಅಕ್ಕ ಮೊದಲ ಬಾರಿಗೆ ಕಾರಿನಿಂದಿಳಿದು, ಕಟಕಟೆ ಹಿಡಿದು, ಗಾಳಿಗೆ ಸೆರಗು ಬಿಗಿದುಕೊಂಡು ನಿಂತರು. ತಮ್ಮ ಬಂದರಿನಲ್ಲಿ ಅಂಜುವುದು ಶೋಭೆಯಲ್ಲವೆಂದು ತೀರ್ಮಾನಿಸಿರಬೇಕು.

ಐದನೆಯ ತಾರಿಗಾಗಿ ತವಸಾಳದಲ್ಲಿ ಒಂದು ತಾಸು ಕಾಯಬೇಕಾಯಿತು. ಎದುರಿಗೆ ಶಾಸ್ತ್ರಿ ನದಿ, ಅದರಾಚೆ ಜೈಗಡ. ದಡದ ಕಲ್ಲುಗಳ ಮೇಲೆ ಕುಳಿತು ಬಿಜಾಪುರದ ಶೇಂಗಾ ಹೋಳಿಗೆ ತಿನ್ನುತ್ತಿದ್ದಾಗ ಕುಮಟೆಯವರು ಯಾರೂ ಕೇಳದೆಯೇ ಬಾಯಿ ಬಿಟ್ಟರು. ಅಘನಾಶಿನಿಯ ದಂಡೆಯಲ್ಲಿರುವ ಮನೆಯನ್ನು ಮಾರುವುದಾಗಿದೆ, ಶುಕ್ರವಾರ ಕುಮಟೆಯಲ್ಲಿ ನೋಂದಣಿ. ತಮ್ಮ ಪುಣೆಯಲ್ಲಿ, ಮಕ್ಕಳು ಬೆಂಗಳೂರಿನಲ್ಲಿ. ವರ್ಷಕ್ಕೊಮ್ಮೆ ಹೆಂಚು ಕೈಯಾಡಿಸಲು, ಗೆದ್ದಲು ಬಿಡಿಸಲು ಇಲ್ಲಿಂದ ಓಡುವುದು ಇನ್ನು ಸಾಧ್ಯವಿಲ್ಲ. ಕೊಳ್ಳುವವರು ಪಕ್ಕದ ಕೇರಿಯವರೇ, ಮಕ್ಕಳೊಂದಿಗರು. ಎಲ್ಲವೂ ಸರಿಯೇ. ಆದರೆ ಆಯಿಗೆ ಹೇಳಿಲ್ಲ.

ಹೇಳಬೇಕೇ ಬೇಡವೇ? ಮಾಸ್ತರರು ಹೇಳಲೇಬೇಕೆಂದರು. ಅವರು ಬದುಕು ಕಟ್ಟಿದ ಮನೆ, ಅವರಿಗೆ ಗೊತ್ತಿರಬೇಡವೇ? ಕುಮಟೆಯ ಅಕ್ಕ ಬೇಡವೆಂದರು. ನಾಳೆಗೆ ಮರೆತು ಮತ್ತೆ ಕೇಳಿದರೆ ದಿನಾ ಹೊಸದಾಗಿ ದುಃಖ ಕೊಟ್ಟಂತಾದೀತು. ನಮಗಿಬ್ಬರಿಗೆ ಮಾತೇ ಹೊರಡಲಿಲ್ಲ. ನಮ್ಮ ಊರಿನ ಮನೆಗೂ ಬೀಗ ಬಿದ್ದು ಎಷ್ಟೋ ಮಳೆಗಾಲಗಳಾದವು. ಇದು ಒಂದು ಮನೆಯ ಕಥೆಯಲ್ಲ. ಈ ಪತ್ರಿಕೆಯನ್ನು ಓದುವವರಲ್ಲಿ ಎಷ್ಟು ಜನರ ಕೀಲಿಗೊಂಚಲಿನಲ್ಲಿ ಅಂಥದೊಂದು ಕೀಲಿ ಇಲ್ಲ? ಹೆದ್ದಾರಿಯಲ್ಲಿ ಗಂಟೆಗೆ ಎಂಬತ್ತರಂತೆ ಓಡುತ್ತಿದ್ದರೆ ಈ ಮಾತು ಹೊರಗೆ ಬರುತ್ತಿರಲಿಲ್ಲವೆಂದೇ ನಮಗೆ ಅನಿಸುತ್ತದೆ. ಮಾಡಲು ಏನೂ ಕೆಲಸವಿಲ್ಲದೆ ನೀರಿನೆದುರು ಕುಳಿತವರಿಗೆ ಮಾತ್ರ ಬರುವ ಮಾತು ಅದು. ತೀರ್ಮಾನವಾಗುವ ಮೊದಲೇ ಬಾರ್ಜು ಬಂದಿತು.

ಮರುದಿನ ಮಾಲಗುಂಡದಲ್ಲಿ ಮರಾಠಿಯ ಕವಿ ಕೇಶವಸುತರು ಹುಟ್ಟಿದ ಮನೆಯನ್ನು ನೋಡಿದೆವು. ಸೆಗಣಿ ಸಾರಿಸಿದ ಅಂಗಳ, ತಗ್ಗಾದ ಮಾಡು, ನಮ್ಮ ಕರಾವಳಿಯ ಯಾವುದೇ ಹಳೆಯ ಮನೆಯಂತಿತ್ತು. ಕವಿಗಾಗಿ ಒಂದು ಮನೆಯನ್ನು ಊರು ಉಳಿಸಿಕೊಂಡಿದೆ. ರತ್ನಾಗಿರಿಯ ಗುಡ್ಡದ ಮೇಲೆ ಇನ್ನೊಂದು ಬಗೆಯ ಮನೆಯಿದೆ. ಬ್ರಹ್ಮದೇಶದ ಕೊನೆಯ ಅರಸ ಥೀಬಾನನ್ನು ಇಂಗ್ಲಿಷರು ೧೮೮೫ರಲ್ಲಿ ಪದಚ್ಯುತಗೊಳಿಸಿ, ಮರುವರ್ಷ ಈ ಊರಿಗೆ ತಂದಿಟ್ಟರು. ೧೯೧೦ರಲ್ಲಿ ಅವನಿಗೆ ಈ ಅರಮನೆ ಸಿದ್ಧವಾಯಿತು. ೧೯೧೬ರಲ್ಲಿ ಇಲ್ಲೇ ತೀರಿಕೊಂಡ, ತನ್ನ ನಾಡನ್ನು ಮತ್ತೆ ಕಾಣಲಿಲ್ಲ. ಅರಮನೆಯಿಂದ ಸಮುದ್ರ ಚೆನ್ನಾಗಿ ಕಾಣುತ್ತದೆ. ಕುಮಟೆಯವರು ಅಲ್ಲಿ ಬಹಳ ಹೊತ್ತು ನಿಂತಿದ್ದರು, ನಾವು ಕರೆಯಲು ಹೋಗಲಿಲ್ಲ.

ಮುಸಾಕಾಜಿಯನ್ನು ಹುಡುಕಿ ಹೋದದ್ದು ಆಯಿಗೋಸ್ಕರವೇ. ಪ್ರವಾಸಿಗರು ಯಾರೂ ಅಲ್ಲಿಗೆ ಹೋಗುವುದಿಲ್ಲ. ಒಂದು ಧಕ್ಕೆ, ಕೆಲವು ದೋಣಿಗಳು, ಒಣಗುತ್ತಿದ್ದ ಬಲೆ, ಅಷ್ಟೆ. ಅಲ್ಲಿಂದಲೇ ಫೋನು ಹಚ್ಚಿದೆವು. 'ಮುಸಾಕಾಜಿ ಇದ್ದಾ ಇನ್ನೂ?' ಎಂದು ಆಯಿ ಕೇಳಿದರು. ಇದೆಯೆಂದು ಮಗ ಹೇಳಿದಾಗ, ಅಲ್ಲಿ ಪಡಾವಿನಿಂದ ಹಡಗು ಹತ್ತಿದ ಒಬ್ಬ ಹೆಂಗಸು ತಮಗೆ ಬಾಳೆಹಣ್ಣು ಕೊಟ್ಟಿದ್ದನ್ನೂ ಭಾಷೆ ಬರದೆ ಇಬ್ಬರೂ ಬರಿದೆ ನಕ್ಕಿದ್ದನ್ನೂ ಹೇಳಿದರು. ಎಪ್ಪತ್ತು ವರ್ಷ ಅವರ ಮಗನೂ ಕೇಳಿರದ ಕಥೆಯಂತೆ ಅದು.

ವಿಜಯದುರ್ಗ, ದೇವಗಡಗಳಲ್ಲಿ ಮಾವಿನ ತೋಟಗಳೆಲ್ಲ ಹೂಬಿಟ್ಟು ಘಮಗುಡುತ್ತಿದ್ದವು. ಆಪೂಸಿನ ರಾಜ್ಯದಲ್ಲಿ ನಿಂತು ಕುಮಟೆಯವರು ಅಂಕೋಲೆಯ ಕರಿಈಶಾಡವೇ ಹೆಚ್ಚೆಂದು ವಾದ ಹೂಡಿದರು. ಅದಕ್ಕೂ ೨೦೨೩ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಬಂದಿದೆ. ಹಣ್ಣಿಲ್ಲದ ಕಾಲದ ವಾದವಾದ್ದರಿಂದ ಯಾರೂ ಸೋಲಲಿಲ್ಲ. ಮಾಲವಣ, ವೆಂಗುರ್ಲೆ ದಾಟಿ ಶಿರೋಡೆಗೆ ಬಂದೆವು. ೧೯೩೦ರಲ್ಲಿ ಇಲ್ಲಿ ಉಪ್ಪಿನ ಸತ್ಯಾಗ್ರಹ ನಡೆಯಿತು. ಅದೇ ವರ್ಷ ಏಪ್ರಿಲ್ ೧೩ರಂದು ನಮ್ಮ ಅಂಕೋಲೆಯಲ್ಲೂ ಉಪ್ಪು ಎತ್ತಿದ್ದರು. ಉಪ್ಪಿನ ಗದ್ದೆಗಳ ಬದುವಿನ ಮೇಲೆ ನಿಂತು ನೋಡಿದರೆ ಎರಡು ಊರುಗಳನ್ನೂ ಬೇರೆ ಮಾಡಿ ಹೇಳುವುದು ಕಷ್ಟ.

ತೆರೆಖೋಲಿನಲ್ಲಿ ಆರನೆಯ ತಾರಿ. ಆಚೆ ದಡ ಗೋವೆಯ ಕೇರಿ. ಗೋವೆಯನ್ನು ಒಂದು ರಾತ್ರಿಯ ವಸತಿಗಷ್ಟೇ ಉಪಯೋಗಿಸಿಕೊಂಡೆವು. ಮುಂದಿನ ಮಧ್ಯಾಹ್ನ ಮಾಜಾಳಿಯಲ್ಲಿ ಕನ್ನಡದ ಫಲಕ ಕಂಡಾಗ ಮಾಮೂಲಿನಂತೆ ಚಪ್ಪಾಳೆ ಬಿದ್ದಿತು. ಆದರೆ ಎಂಟು ದಿನ ದಂಡೆ ಹಿಡಿದು ಬಂದವರಿಗೆ ಆ ಗಡಿ ಎಲ್ಲಿ ಬಂದಿತೆಂಬುದು ಫಲಕವಿಲ್ಲದಿದ್ದರೆ ಗೊತ್ತಾಗುತ್ತಿರಲಿಲ್ಲ. ಅದೇ ತೆಂಗು, ಅದೇ ಕೆಂಪು ಚಿರ್‍ಕಲ್ಲು. ಮಾಲವಣದಲ್ಲಿ ಕಂಡ ಗಾಬಿತರು ಕಾರವಾರದಲ್ಲೂ ಬಲೆ ಬಿಡಿಸುತ್ತಾರೆ.

ಕಾಳಿ ನದಿಯನ್ನು ಈಗಿನ ಸೇತುವೆಯ ಮೇಲೆ ದಾಟಿದೆವು. ಪಕ್ಕದ ಹಳೆಯ ಸೇತುವೆ ನಾಲ್ಕು ದಶಕ ಬಾಳಿ, ೨೦೨೪ರ ಆಗಸ್ಟ್ ೭ರ ನಡುರಾತ್ರಿ ಕುಸಿದುಬಿತ್ತು. ಮೇಲಿದ್ದ ಲಾರಿ ಹೊಳೆಗೆ ಬಿದ್ದರೂ ಚಾಲಕ ಬದುಕಿಕೊಂಡ. ಅದಕ್ಕೆ ಮೂರು ವಾರ ಮೊದಲು, ಜುಲೈ ೧೬ರಂದು, ಅಂಕೋಲೆಯಾಚೆ ಶಿರೂರಿನಲ್ಲಿ ಗುಡ್ಡವೇ ಹೆದ್ದಾರಿಯ ಮೇಲೆ ಇಳಿದು ಹಲವರು ಪ್ರಾಣ ಕಳೆದುಕೊಂಡರು. ಆ ತಿರುವನ್ನು ದಾಟುವಾಗ ಕಾರಿನಲ್ಲಿ ಯಾರೂ ಮಾತಾಡಲಿಲ್ಲ. ಬೇಗ ಹೋಗಲೆಂದು ಮಾಡಿದ ದಾರಿಗಳಿಗೂ ಅವುಗಳದೇ ಆದ ಬೆಲೆಯಿದೆ.

ಏಳನೆಯ ತಾರಿ ತದಡಿಯಿಂದ. ಕಾರನ್ನು ಅಲ್ಲೇ ಬಿಟ್ಟು ದೋಣಿಯಲ್ಲಿ ಅಘನಾಶಿನಿಗೆ ದಾಟಿದೆವು. ಕಾರನ್ನು ಮರುದಿನ ಮಿರ್ಜಾನಿನ ಕಡೆಯಿಂದ ಸುತ್ತಿ ತಂದದ್ದಾಯಿತು. ಇಳಿತದ ಹೊತ್ತಿನಲ್ಲಿ ಹೆಂಗಸರು ಮೊಣಕಾಲುದ್ದದ ನೀರಿನಲ್ಲಿ ಬೆಳಚು ಹೆಕ್ಕುತ್ತಿದ್ದರು. ಗಜನಿಯ ಗದ್ದೆಗಳಲ್ಲಿ ಉಪ್ಪುನೀರಿಗೂ ಬಗ್ಗದ ಕಗ್ಗದ ಭತ್ತದ ಕೂಳೆ ಉಳಿದಿತ್ತು. ಮನೆ ನಾವೆಣಿಸಿದ್ದಕ್ಕಿಂತ ಚಿಕ್ಕದು. ನಡುಮನೆಯ ತೊಲೆಗೆ ಗೆದ್ದಲು ಹತ್ತಿತ್ತು. ಬಾವಿಯ ನೀರು ಮಾತ್ರ ತಿಳಿಯಾಗಿತ್ತು. ಮನೆ ಕೊಳ್ಳುವವರ ಮಗಳು, ಆರೇಳು ವರ್ಷದವಳು, ಆಗಲೇ ಜಗಲಿಯ ಕಂಬ ಸುತ್ತಿ ಆಡುತ್ತಿದ್ದಳು.

ಶುಕ್ರವಾರ ಮಧ್ಯಾಹ್ನದೊಳಗೆ ಕಚೇರಿಯ ಕೆಲಸ ಮುಗಿಯಿತು. ಸಂಜೆ ಜಗಲಿಯಲ್ಲಿ ಕುಳಿತು ಕುಮಟೆಯವರು ಫೋನು ಮಾಡಿದರು. ಎಲ್ಲರಿಗೂ ಕೇಳಿಸುವಂತೆ ಇಟ್ಟಿದ್ದರು, ಒಬ್ಬರೇ ಕೇಳುವ ಧೈರ್ಯವಿರಲಿಲ್ಲವೇನೋ.

'ಎಲ್ಲಿದ್ದೆ?' ಎಂದರು ಆಯಿ.

'ಮನೇಲಿ.'

ಸ್ವಲ್ಪ ಹೊತ್ತು ಏನೂ ಕೇಳಿಸಲಿಲ್ಲ. ಆಮೇಲೆ, 'ಕಾಗದ ಎಲ್ಲಾ ಆತನಾ?' ಎಂದರು.

ಮಗ ದಂಗಾಗಿ ನಮ್ಮ ಮುಖ ನೋಡಿದರು. ತಿಂಗಳುಗಟ್ಟಲೆ ಪಕ್ಕದ ಕೋಣೆಯಲ್ಲಿ ತಗ್ಗಿದ ದನಿಯಲ್ಲಿ ನಡೆದ ಮಾತೆಲ್ಲ ಆಯಿಯ ಕಿವಿಗೆ ಬಿದ್ದಿತ್ತು. ತಿಂಡಿ ಮರೆಯುವ ಆಯಿ ಇದನ್ನು ಮರೆತಿರಲಿಲ್ಲ.

'ಆತು' ಎಂದರು ಇವರು.

'ಆಗ್ಲಿ. ಹಾದಿಯಲ್ಲಿ ಹೊತ್ತು ಮಾಡಡಿ. ಮನೆಗೆ ಬೇಗ ಬನ್ನಿ.'

ಫೋನು ಇಟ್ಟ ಮೇಲೂ ನಾವು ಆರೂ ಮಂದಿ ಸುಮ್ಮನೆ ಕುಳಿತಿದ್ದೆವು. 'ಮನೆಗೆ ಬನ್ನಿ' ಎಂದು ಆಯಿ ಕರೆದದ್ದು ಮುಂಬಯಿಗೆ, ಎರಡು ಕೋಣೆಯ ಬ್ಲಾಕಿಗೆ. ನಮ್ಮಂಥವರು ಊರಿನ ಮನೆ, ಮುಂಬಯಿಯ ಜಾಗ ಎಂದು ಎರಡು ಮಾತು ಬಳಸುತ್ತೇವೆ. ಮನೆ ಎಂಬ ಶಬ್ದವನ್ನು ಊರಿಗಾಗಿಯೇ ತೆಗೆದಿಟ್ಟು, ಬಾಳಿದ ಜಾಗಕ್ಕೆ ಕೊಡಲು ಹಿಂಜರಿಯುತ್ತೇವೆ. ಮದುಮಗಳಾಗಿ ಹಡಗು ಹತ್ತಿ ಬಂದವರು ಆ ಹಿಂಜರಿಕೆಯನ್ನು ಯಾವ ಬಂದರಿನಲ್ಲಿ ಇಳಿಸಿದ್ದರೋ ನಾವು ಕೇಳಲಿಲ್ಲ. ಕುಮಟೆಯವರು ಬಾವಿಯಿಂದ ನೀರು ಸೇದಿ ಮುಖ ತೊಳೆದುಕೊಂಡರು. ಕೀಲಿಯನ್ನು ಆ ಹುಡುಗಿಯ ತಂದೆಗೆ ಕೊಟ್ಟರು.

ಮರಳುವಾಗ ಆಯಿಯ ಮಾತಿನಂತೆ ಹೆದ್ದಾರಿ ಹಿಡಿದೆವು, ಕಣಕವಲಿಯಲ್ಲಿ ಒಂದು ರಾತ್ರಿ ತಂಗಿದ್ದು ಬಿಟ್ಟರೆ ನಿಂತದ್ದಿಲ್ಲ. ಸಂಗಮೇಶ್ವರದಲ್ಲೊಂದು ಸೇತುವೆ ಬಂದಿತು. ಹಿಂದಿನ ಸೀಟಿನಿಂದ ಬಿಜಾಪುರದ ಅಕ್ಕ, 'ಇದು ನಾವು ತವಸಾಳದಾಗ ಕಾದಿದ್ದ ಹೊಳೀನೇ ಹೌದಲ್ರಿ?' ಎಂದರು. ಹೌದು, ಶಾಸ್ತ್ರಿಯೇ. ಅಲ್ಲಿ ಒಂದು ತಾಸು ಕಾದ ನೀರು ಇಲ್ಲಿ ಅರ್ಧ ನಿಮಿಷದಲ್ಲಿ ಹಿಂದೆ ಸರಿಯಿತು. ಚಿಪಳೂಣದಲ್ಲಿ ವಾಸಿಷ್ಠಿ ಬಂದಾಗ, 'ನಮ್ಮ ಬಂದರದ ಹೊಳಿ' ಎಂದು ಕೈಮುಗಿದರು. ಮಹಾಡಿನಲ್ಲಿ ಸಾವಿತ್ರಿ. ಇಂಗ್ಲಿಷರ ಕಾಲದ ಇಲ್ಲಿನ ಕಲ್ಲಿನ ಸೇತುವೆ ೨೦೧೬ರ ಆಗಸ್ಟ್ ೨ರ ರಾತ್ರಿ ನೆರೆಯಲ್ಲಿ ಕೊಚ್ಚಿಹೋಗಿ ಬಸ್ಸುಗಳೂ ಅದರಲ್ಲಿದ್ದವರೂ ನೀರುಪಾಲಾಗಿದ್ದರು. ಹೊಸ ಸೇತುವೆಯ ಮೇಲೆ ಅಕ್ಕನೇ ಕಾರನ್ನು ನಿಧಾನ ಮಾಡಿಸಿ, ಗಾಜು ಇಳಿಸಿ, ಹೊಳೆಗೆ ಒಂದು ರೂಪಾಯಿ ಎಸೆದರು.

ಓದುಗರಿಗೆ ಒಂದೆರಡು ಮಾತು. ಖಾಡಿಗಳ ಮೇಲೆಲ್ಲ ಸೇತುವೆ ಕಟ್ಟಿ ರೇವಸಿನಿಂದ ರೇಡಿಯವರೆಗೆ ನೇರ ರಸ್ತೆ ಮಾಡುವ ಯೋಜನೆ ಬಹಳ ಹಿಂದಿನದು, ಈಗ ಅದಕ್ಕೆ ವೇಗ ಬಂದಿದೆ. ಅಲ್ಲಿಯ ಜನಕ್ಕೆ ಅದು ಬೇಕು. ರಾತ್ರಿ ಹೊತ್ತು ಹೆರಿಗೆ ನೋವು ಬಂದವಳಿಗೆ ತಾರಿಯ ಸೊಗಸನ್ನು ವರ್ಣಿಸುವುದು ಸಲ್ಲದು. ಆದರೆ ಆ ಸೇತುವೆಗಳಾಗುವ ಮೊದಲು ನೀವೊಮ್ಮೆ ಹೋಗಿ ಬನ್ನಿ. ಮಳೆಗಾಲ ಬೇಡ, ನವೆಂಬರಿನಿಂದ ಫೆಬ್ರುವರಿಯವರೆಗೆ ಒಳ್ಳೆಯದು. ದಿನಕ್ಕೆ ನೂರು ಕಿಲೊಮೀಟರಿಗಿಂತ ಹೆಚ್ಚು ಲೆಕ್ಕ ಹಾಕಬೇಡಿ. ಕೊನೆಯ ತಾರಿಯ ಹೊತ್ತನ್ನು ಹಿಂದಿನ ಊರಲ್ಲೇ ವಿಚಾರಿಸಿಕೊಳ್ಳಿ. ಹೊರಡುವ ಮುನ್ನ ಮನೆಯ ಹಿರಿಯರ ಬಳಿ ಅರ್ಧ ತಾಸು ಕುಳಿತು, ಅವರು ಬಂದ ದಾರಿಯ ಊರುಗಳನ್ನು ಅನುಕ್ರಮವಾಗಿ ಬರೆದುಕೊಳ್ಳಿ. ಮುಸಾಕಾಜಿಯಂಥ ಊರಿಗೆ ಬೇರೆ ಯಾರೂ ನಿಮಗೆ ದಾರಿ ಹೇಳಲಾರರು.